35ರ ದೇಶೀ ನಕಲು: ಡಬ್ಬಿ ಬಿಚ್ಚಿ ನೋಡದೆ ಹಣ ಕೊಡಬೇಡಿ

ಬೆಂಗಳೂರಿನ ಬಂದೂಕು ಅಂಗಡಿಯಲ್ಲಿ ‘35 ಮಾಡೆಲ್ ಏರ್ ಗನ್’ ಎಂದು ಕೇಳಿದರೆ ಕೌಂಟರಿನ ಮೇಲೆ ಬರುವುದು ಮರದ ಸ್ಟಾಕಿನ (ಭುಜಕ್ಕೆ ಆನಿಸುವ ಹಿಡಿಕೆಯ), ಉದ್ದ ಬ್ಯಾರಲಿನ, ಬ್ಯಾರಲನ್ನೇ ಕೆಳಕ್ಕೆ ಮಡಚಿ ಸ್ಪ್ರಿಂಗ್ ಎಳೆಯುವ ರೈಫಲ್. ಜರ್ಮನಿಯ ಹಳೆಯ ಡಯಾನಾ 35ರ ನಮ್ಮ ದೇಶದ ನಕಲು ಅದು. ನಮ್ಮಲ್ಲಿ ಇದನ್ನು ಮಾಡುವ ಕಾರ್ಖಾನೆ ಒಂದೇ ಅಲ್ಲ. ಹೆಸರು ಬೇರೆಯಾದರೂ ಒಳಗಿನ ನಕ್ಷೆ ಹೆಚ್ಚುಕಡಿಮೆ ಒಂದೇ. ಹತ್ತು ಮೀಟರಿನಲ್ಲಿ ಕಾಗದದ ಗುರಿಗೆ ಹೊಡೆದು ಕಲಿಯಬೇಕು ಅನ್ನುವವರು ಇದನ್ನು ಧೈರ್ಯವಾಗಿ ಕೊಳ್ಳಬಹುದು. ಆದರೆ ಒಂದೇ ಹೆಸರಿನ, ಅಕ್ಕಪಕ್ಕದ ನಂಬರಿನ ಎರಡು ರೈಫಲ್‌ಗಳಲ್ಲಿ ಒಂದು ವರ್ಷಗಟ್ಟಲೆ ನೆಟ್ಟಗೆ ಹೊಡೆಯುತ್ತದೆ, ಇನ್ನೊಂದು ಮೊದಲ ವಾರದಲ್ಲೇ ಕಾಡುತ್ತದೆ. ಹಾಗಾಗಿ ಇಲ್ಲಿ ಬ್ರ್ಯಾಂಡ್ ಹೋಲಿಕೆ ಮಾಡಿ ಉಪಯೋಗವಿಲ್ಲ. ನಿಮ್ಮ ಕೈಗೆ ಬಂದ ಆ ಒಂದು ರೈಫಲನ್ನು ಇಪ್ಪತ್ತು ನಿಮಿಷ ಪರೀಕ್ಷಿಸುವುದು ಹೇಗೆ ಅನ್ನುವುದೇ ಮುಖ್ಯ.

ಮೊದಲು ಕಾನೂನು, ಚುಟುಕಾಗಿ. ಅಮೆರಿಕದ ಸೇನೆಯ ಹಳೆಯ ಎಂ1 ಕಾರ್ಬೈನ್ ಥರದ, ಪ್ರತಿ ಹೊಡೆತದ ನಂತರ ತಾನೇ ಗುಂಡು ತುಂಬಿಕೊಳ್ಳುವ ಸೆಮಿ-ಆಟೊಮ್ಯಾಟಿಕ್ ರೈಫಲಿನ ನಕಲು ಇಲ್ಲಿ ಸಿಗುತ್ತದೆಯೇ ಎಂದು ಹುಡುಕುವವರಿದ್ದಾರೆ. 2016ರ ಶಸ್ತ್ರಾಸ್ತ್ರ ನಿಯಮಗಳ ಮೊದಲ ಅನುಸೂಚಿಯಲ್ಲಿ ಅಂಥ ರೈಫಲ್‌ಗಳು ಒಂದನೇ ವರ್ಗದ ನಿರ್ಬಂಧಿತ ಪಟ್ಟಿಯಲ್ಲಿವೆ. ಸಾಮಾನ್ಯ ಲೈಸೆನ್ಸಿಗೆ ಸಿಗುವ ಸಾಮಾನಲ್ಲ. ಏರ್ ರೈಫಲಿನ ದಾರಿ ಬೇರೆ. ಬೋರ್ (ಬ್ಯಾರಲ್ ತೂತಿನ ವ್ಯಾಸ) 4.5 ಮಿ.ಮೀ., ಅಂದರೆ .177 ಇಂಚು ಮೀರಬಾರದು; ಬ್ಯಾರಲ್ ತುದಿಯಲ್ಲಿ ಪೆಲೆಟ್ಟಿನ (ಏರ್ ರೈಫಲಿನ ಪುಟ್ಟ ಗುಂಡಿನ) ಶಕ್ತಿ 20 ಜೌಲ್ ಮೀರಬಾರದು. ಎರಡರಲ್ಲಿ ಯಾವುದು ಮೀರಿದರೂ ಲೈಸೆನ್ಸ್ ಬೇಕು. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಇಲ್ಲೇ ಎಡವುತ್ತಾರೆ. ಡಯಾನಾ 35 ಮೂಲದಲ್ಲಿ .22 ಬೋರಿನಲ್ಲೂ ಬರುತ್ತಿತ್ತು, ಅಂದರೆ 5.5 ಮಿ.ಮೀ. ಹಳೆಯ ಮನೆಯ ಅಟ್ಟದಿಂದ ಇಳಿದ ರೈಫಲ್ ಎಷ್ಟೇ ಚೆಂದ ಕಂಡರೂ ಬ್ಯಾರಲ್ ಮೇಲಿನ ಅಂಕಿ ಓದದೆ ಮುಟ್ಟಬೇಡಿ. ಹೊಸದಕ್ಕಾದರೆ ಗುರುತಿನ ಚೀಟಿಯ ನಕಲು ಕೊಟ್ಟು, ಬೋರ್ ಮತ್ತು ರೈಫಲ್ ನಂಬರ್ ಬರೆದ ಬಿಲ್ ಕೇಳಿ ಪಡೆಯಿರಿ. ಬಿಲ್ಲಿನ ಒಂದು ಪ್ರತಿ ರೈಫಲ್ ಚೀಲದಲ್ಲೇ ಇರಲಿ. ಮನೆಗೆ ಒಯ್ಯುವಾಗ ಚೀಲದ ಜಿಪ್ ಹಾಕಿ, ಆಟೊ ಅಥವಾ ಕಾರಿನಲ್ಲಿ ಹೋಗಿ. ನಮ್ಮ ಮೆಟ್ರೊ ಬಾಗಿಲಲ್ಲಿ ತಪಾಸಣೆಯಿದೆ, ಅದನ್ನು ಹಿಡಿದು ಅಲ್ಲಿ ನಿಲ್ಲುವುದು ಬೇಡ.

ನಕಲಿನ ಗುಣದೋಷ ತಿಳಿಯಲು ಮೂಲ ಹೇಗಿತ್ತು ಅಂತ ಗೊತ್ತಿರಬೇಕು. ಡಯಾನಾ ಹೆಸರಿನ ಹಿಂದಿರುವುದು ರಾಸ್ಟಾಟ್ ಊರಿನ ಮೇಯರ್ ಉಂಡ್ ಗ್ರಾಮೆಲ್‌ಸ್ಪಾಖರ್ ಕಂಪನಿ, 1890ರಲ್ಲಿ ಶುರುವಾದದ್ದು. ಎರಡನೇ ಮಹಾಯುದ್ಧದ ನಂತರ ಅವರ ಯಂತ್ರಗಳೂ ಡಯಾನಾ ಹೆಸರೂ ಸ್ಕಾಟ್ಲೆಂಡಿನ ಮಿಲ್‌ಬ್ರೊ ಕಂಪನಿಯ ಪಾಲಾದವು. ಜರ್ಮನರು ಮತ್ತೆ ತಯಾರಿಕೆ ಶುರು ಮಾಡಿದಾಗ ಬ್ರಿಟನ್ನಿನಲ್ಲಿ ‘ಒರಿಜಿನಲ್’ ಎಂಬ ಹೆಸರಿನಲ್ಲಿ ಮಾರಬೇಕಾಯಿತು. ಅಮೆರಿಕದಲ್ಲಿ ಇದೇ 35 ವಿಂಚೆಸ್ಟರ್ 435 ಆಗಿ ಮಾರಾಟವಾಯಿತು. ಇಷ್ಟು ಹೆಸರು ಹೊತ್ತು ತಿರುಗಿದ ರೈಫಲಿಗೆ ಮರ್ಯಾದೆ ತಂದುಕೊಟ್ಟದ್ದು ಅದರ ಟ್ರಿಗರ್. ಸ್ಪ್ರಿಂಗಿನ ಬಲದಿಂದ ಗಾಳಿಯನ್ನು ಒತ್ತುವ ಪಿಸ್ಟನ್ನಿನ ಕಡ್ಡಿಯನ್ನು ಮೂರು ಸಣ್ಣ ಉಕ್ಕಿನ ಗೋಲಿಗಳು ಸುತ್ತಲಿಂದ ಕಚ್ಚಿ ಹಿಡಿಯುತ್ತವೆ. ಸ್ಪ್ರಿಂಗಿನ ಭಾರ ಮೂರಕ್ಕೂ ಹಂಚಿಹೋಗುವುದರಿಂದ ಬೆರಳಿಗೆ ಸಿಗುವ ಎಳೆತ ಹಗುರ, ಬಿಡುಗಡೆ ನಯ, ಸವೆತ ಕಡಿಮೆ.

ನಮ್ಮ ನಕಲುಗಳಲ್ಲಿ ಹೊರಗಿನ ಗೆರೆ ಸರಿಯಾಗಿಯೇ ಬಂದಿದೆ. ಸ್ಟಾಕಿನ ಬಳುಕು, ಗುರಿ ನೋಡುವ ಹಿಂಬದಿ ಸೈಟಿನ ಜಾಗ, ಎತ್ತಿದಾಗ ತೂಕ ಕೂರುವ ರೀತಿ, ಎಲ್ಲವೂ ಮೂಲಕ್ಕೆ ಹತ್ತಿರ. ಕೈಬಿಟ್ಟದ್ದು ಆ ಗೋಲಿಗಳನ್ನು. ಅಂಗಡಿಯಲ್ಲಿ ಸಿಗುವ ಬಹಳಷ್ಟು ರೈಫಲ್‌ಗಳಲ್ಲಿ ಒಂದೇ ಕೊಕ್ಕೆ ಪಿಸ್ಟನ್ನನ್ನು ಹಿಡಿಯುತ್ತದೆ. ಇಡೀ ಸ್ಪ್ರಿಂಗಿನ ಭಾರ ಒಂದು ಅಂಚಿನ ಮೇಲೆ. ಆ ಅಂಚನ್ನು ಸರಿಯಾಗಿ ಗಟ್ಟಿ ಮಾಡಿರದಿದ್ದರೆ ಬೇಗ ಸವೆಯುತ್ತದೆ. ಸವೆದ ಕೊಕ್ಕೆ ಬೆರಳು ಮುಟ್ಟದೆಯೂ ಜಾರಬಹುದು. ಇಂಥ ರೈಫಲ್‌ಗಳಲ್ಲಿ ಬ್ಯಾರಲ್ ಮಡಚಿದಾಗ ಟ್ರಿಗರನ್ನು ತಡೆಯುವ ಕಟ್ಟು ಸಾಮಾನ್ಯವಾಗಿ ಇರುವುದಿಲ್ಲ. ಆದ್ದರಿಂದ ಕಡ್ಡಾಯವಾಗಿ ರೂಢಿಸಿಕೊಳ್ಳಬೇಕಾದ ಒಂದು ಅಭ್ಯಾಸವಿದೆ: ಪೆಲೆಟ್ ಇಡುವ ಅಷ್ಟೂ ಹೊತ್ತು ಇನ್ನೊಂದು ಕೈ ಬ್ಯಾರಲನ್ನು ಬಿಗಿಯಾಗಿ ಹಿಡಿದಿರಬೇಕು. ಕೈಬಿಟ್ಟಾಗ ಕೊಕ್ಕೆ ಜಾರಿದರೆ ಬ್ಯಾರಲ್ ರಪ್ಪನೆ ಮುಚ್ಚಿಕೊಳ್ಳುತ್ತದೆ, ನಡುವೆ ಇರುವುದು ನಿಮ್ಮ ಹೆಬ್ಬೆರಳು. ಮಕ್ಕಳಿಗೆ ಕಲಿಸುವವರು ಗುರಿ ಹಿಡಿಯುವುದಕ್ಕೂ ಮೊದಲು ಇದನ್ನು ಕಲಿಸಿ.

ಈಗ ಕೌಂಟರಿಗೆ ಬನ್ನಿ. ಜೇಬಿನಲ್ಲಿ ನಾಲ್ಕು ಇಯರ್‌ಬಡ್, ಒಂದು ಟಿಶ್ಯೂ ಪೇಪರ್, ಒಂದು ಸಣ್ಣ ಟಾರ್ಚ್, ಸೂಟ್‌ಕೇಸ್ ತೂಗುವ ಕೊಕ್ಕೆಯ ತಕ್ಕಡಿ ಇರಲಿ.

ಮೊದಲ ನೋಟ ಬ್ಯಾರಲ್ ತುದಿಗೆ. ಇಯರ್‌ಬಡ್ಡಿನ ಹತ್ತಿಯನ್ನು ತೂತಿನ ಒಳಗಿಟ್ಟು, ಅಂಚಿಗೆ ತಾಗಿಸುತ್ತ ಹೊರಕ್ಕೆ ಎಳೆಯಿರಿ; ಗಡಿಯಾರದ ಹನ್ನೆರಡು, ಮೂರು, ಆರು, ಒಂಬತ್ತು, ನಾಲ್ಕೂ ಕಡೆ. ಹತ್ತಿಯ ಎಳೆ ಎಲ್ಲೂ ಸಿಕ್ಕಿಕೊಳ್ಳಬಾರದು. ಸಿಕ್ಕಿಕೊಂಡರೆ ಅಲ್ಲಿ ಕಣ್ಣಿಗೆ ಕಾಣದ ಲೋಹದ ಮುಳ್ಳಿದೆ. ಪೆಲೆಟ್ ಹೊರಬೀಳುವ ಕೊನೆಯ ಕ್ಷಣದಲ್ಲಿ ಲಂಗದಂತೆ ಅಗಲವಾದ ಅದರ ಹಿಂಬದಿಯ ಒಂದು ಬದಿಯನ್ನು ಆ ಮುಳ್ಳು ಕೆರೆದರೆ, ಗಾಳಿ ಒಂದು ಕಡೆಯಿಂದ ಮೊದಲು ನುಗ್ಗಿ ಪೆಲೆಟ್ಟನ್ನು ಓರೆ ಮಾಡುತ್ತದೆ. ಉಳಿದ ಎಲ್ಲ ಸರಿ ಇದ್ದೂ ಹೊಡೆತ ಚದುರುವ ರೈಫಲ್‌ಗಳಲ್ಲಿ ಇದು ಮೊದಲು ಅನುಮಾನಿಸಬೇಕಾದ ಜಾಗ. ಇಯರ್‌ಬಡ್ ಸಿಕ್ಕಿಕೊಂಡರೆ ಇನ್ನೊಂದು ರೈಫಲ್ ತೆಗೆಸಿ.

ಆಮೇಲೆ ಒಂದು ಪೆಲೆಟ್ಟನ್ನು ಬ್ಯಾರಲ್ ಹಿಂಬದಿಯಿಂದ ಹೆಬ್ಬೆರಳಲ್ಲಿ ಒತ್ತಿ ಕೂರಿಸಿ, ಅಂಗಡಿಯವರ ಕ್ಲೀನಿಂಗ್ ರಾಡಿನಿಂದ ಮೆಲ್ಲಗೆ ಮುಂದಕ್ಕೆ ತಳ್ಳಿಸಿ. ಆಗ ಸ್ಪ್ರಿಂಗ್ ಎಳೆದಿರಬಾರದು, ಅಂದರೆ ರೈಫಲ್ ಕಾಕ್ ಆಗಿರಬಾರದು. ರಾಡ್ ಹಿಡಿದ ಕೈಗೆ ಶುರುವಿನಿಂದ ಕೊನೆವರೆಗೆ ಒಂದೇ ಬಿಗಿ ಸಿಗಬೇಕು. ನಡುವೆ ಸಡಿಲವಾಗಿ ಜಾರಿ ಮತ್ತೆ ಬಿಗಿಯಾದರೆ ಒಳಗಿನ ವ್ಯಾಸ ಸಮನಾಗಿಲ್ಲ. ಹೊರಬಂದ ಪೆಲೆಟ್ಟನ್ನು ಟಾರ್ಚ್ ಬೆಳಕಿನಲ್ಲಿ ತಿರುಗಿಸಿ. ಬ್ಯಾರಲಿನ ಒಳಗಿನ ಸುರುಳಿ ಗೆರೆಗಳು ಕಚ್ಚಿದ ಓರೆ ಗೀರುಗಳು ಸುತ್ತಲೂ ಸಮನಾದ ಅಂತರದಲ್ಲಿ ಕಾಣಬೇಕು, ಹೊಸ ಬಳಪದ ಮೇಲೆ ಉಗುರಿನಿಂದ ಎಳೆದ ಹಾಗೆ ಸ್ಪಷ್ಟವಾಗಿ. ಒಂದು ಬದಿಯಲ್ಲಿ ಆಳವಾಗಿದ್ದು ಎದುರು ಬದಿಯಲ್ಲಿ ಮಾಸಿದ್ದರೆ ಪೆಲೆಟ್ ಓರೆಯಾಗಿ ಕೂತಿತ್ತು ಅಥವಾ ತೂತು ನಟ್ಟನಡುವೆ ಇಲ್ಲ. ಇನ್ನೆರಡು ಪೆಲೆಟ್ ತಳ್ಳಿ ನೋಡಿ. ಮೂರರಲ್ಲೂ ಹಾಗೇ ಬಂದರೆ ಆ ಬ್ಯಾರಲ್ ಬೇಡ. ಇದಕ್ಕೆ ಒಪ್ಪದ ಅಂಗಡಿ ಇದ್ದರೆ ಬೇರೆ ಅಂಗಡಿ ನೋಡಿಕೊಳ್ಳಿ.

ಬ್ಯಾರಲ್ ಮಡಚುವ ಕೀಲು ಮುಂದಿನದು. ಮಡಚಿದ ಸ್ಥಿತಿಯಲ್ಲಿ ಬ್ಯಾರಲ್ ತುದಿ ಹಿಡಿದು ಎಡಕ್ಕೆ ಬಲಕ್ಕೆ ಆಡಿಸಿ. ಟಕಟಕ ಅಂದರೆ ಕೀಲಿನ ಬೋಲ್ಟ್ ಸಡಿಲ. ಅದನ್ನು ಬಿಗಿ ಮಾಡಬಹುದು, ಆದರೆ ಅಂಗಡಿಯವರೇ ಬಿಗಿ ಮಾಡಿ ಕೊಡಲಿ. ಬಿಗಿ ಮಾಡಿದ ಮೇಲೂ ಆಡಿದರೆ ಬದಿಯ ವಾಷರ್ ತೆಳುವಾಗಿದೆ ಎಂದು ಅರ್ಥ. ಮುಚ್ಚಿದಾಗ ಬ್ಯಾರಲ್ ಪ್ರತಿ ಸಲ ಒಂದೇ ಸದ್ದಿನಿಂದ, ಒಂದೇ ಜಾಗದಲ್ಲಿ ಕೂರಬೇಕು. ಇಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಹತ್ತು ಮೀಟರಿನಲ್ಲಿ ಅದು ಹಲವು ಪಟ್ಟು ಹಿಗ್ಗಿ ಕಾಣುತ್ತದೆ.

ಅಂಗಡಿಯಲ್ಲಿ ಪೆಲೆಟ್ ಹಿಡಿಯುವ ಡಬ್ಬ ಇದ್ದರೆ ಎರಡು ಮೂರು ಸುತ್ತು ಹೊಡೆಯಲು ಕೇಳಿ. ಬ್ಯಾರಲ್ ಮತ್ತು ಸಿಲಿಂಡರ್ ಸೇರುವ ಸಂದಿನ ಮೇಲೆ ಟಿಶ್ಯೂ ಪೇಪರಿನ ಸಣ್ಣ ಚೂರು ಇಟ್ಟು ಹೊಡೆಯಿರಿ. ಪೇಪರ್ ಹಾರಿದರೆ ಅಲ್ಲಿನ ವಾಷರ್ ಗಾಳಿ ಬಿಡುತ್ತಿದೆ. ಇದಕ್ಕೆ ಮಾತ್ರ ಹೆದರಬೇಕಿಲ್ಲ, ವಾಷರ್ ಬದಲಿಸುವುದು ಹತ್ತು ನಿಮಿಷದ ಕೆಲಸ. ಪೆಲೆಟ್ ಇಲ್ಲದೆ ಖಾಲಿ ಹೊಡೆಯಲು ಯಾರಿಗೂ ಬಿಡಬೇಡಿ. ಮುಂದೆ ಪೆಲೆಟ್ಟಿನ ತಡೆ ಇದ್ದಾಗ ಸಿಲಿಂಡರಿನಲ್ಲಿ ಒತ್ತಿಕೊಂಡ ಗಾಳಿಯೇ ಮೆತ್ತೆಯಾಗಿ ಪಿಸ್ಟನ್ನನ್ನು ತಡೆಯುತ್ತದೆ. ಅದಿಲ್ಲದಿದ್ದರೆ ಪಿಸ್ಟನ್ ನೇರವಾಗಿ ಲೋಹಕ್ಕೆ ಬಡಿಯುತ್ತದೆ; ವಾಷರ್ ಹರಿಯುತ್ತದೆ, ಸ್ಪ್ರಿಂಗ್ ಮುರಿಯುತ್ತದೆ.

ಪೆಲೆಟ್ ತುಂಬಿ, ಡಬ್ಬದ ಕಡೆ ಗುರಿಯಿಟ್ಟು, ಆಮೇಲೆ ಟ್ರಿಗರಿಗೆ ತಕ್ಕಡಿಯ ಕೊಕ್ಕೆ ಹಾಕಿ ಎಳೆಯಿರಿ. ಎರಡು ಕಿಲೊ ಒಳಗೆ ಬಿಟ್ಟರೆ ತುಂಬ ಒಳ್ಳೆಯದು. ಮೂರರ ತನಕ ಸಹಿಸಬಹುದು. ಅದಕ್ಕಿಂತ ಗಡಸಾದರೆ ಬೆರಳು ಎಳೆಯುವಷ್ಟರಲ್ಲಿ ಇಡೀ ರೈಫಲ್ ಬಲಕ್ಕೆ ತಿರುಗಿರುತ್ತದೆ. ‘ಫೈಲ್ ಹಾಕಿ ಹಗುರ ಮಾಡಿ ಕೊಡ್ತೀವಿ ಸರ್’ ಅಂದರೆ ಒಪ್ಪಬೇಡಿ. ಒಂದೇ ಕೊಕ್ಕೆಯ ಟ್ರಿಗರಿನಲ್ಲಿ ಆ ಅಂಚಿಗೆ ಅರ ಮುಟ್ಟಿಸಿದರೆ ಮೇಲಿನ ಗಟ್ಟಿ ಪದರ ಹೋಗುತ್ತದೆ, ಜಾರುವ ಅಪಾಯ ಹೆಚ್ಚುತ್ತದೆ.

ಇನ್ನು ಶಕ್ತಿಯ ಮಾತು. ‘ಸಾವಿರ ಎಫ್‌ಪಿಎಸ್ ಬರುತ್ತೆ’, ಅಂದರೆ ಪೆಲೆಟ್ ಸೆಕೆಂಡಿಗೆ ಸಾವಿರ ಅಡಿ ಹೋಗುತ್ತದೆ ಅನ್ನುವ ಮಾತಿಗೆ ಮರುಳಾಗಬೇಡಿ, ಲೆಕ್ಕ ಹಾಕಿ. ಸಾಮಾನ್ಯ 4.5 ಪೆಲೆಟ್ 8 ಗ್ರೇನ್, ಅಂದರೆ ಸುಮಾರು 0.52 ಗ್ರಾಂ. ಅದು ಸೆಕೆಂಡಿಗೆ 305 ಮೀಟರ್, ಅಂದರೆ ಸಾವಿರ ಅಡಿ, ಹೋದರೆ ಶಕ್ತಿ 24 ಜೌಲ್ ಆಗುತ್ತದೆ. ಕಾನೂನಿನ ಗೆರೆ 20. ಆ ಮಾತು ನಿಜವಾದರೆ ನಿಮಗೆ ಲೈಸೆನ್ಸ್ ಬೇಕು, ಸುಳ್ಳಾದರೆ ಅಂಗಡಿಯ ಮಾತಿಗೆ ಬೆಲೆಯಿಲ್ಲ. ಹಗುರವಾದ ತವರದ ಪೆಲೆಟ್ ಹಾಕಿ ವೇಗ ತೋರಿಸುವುದೂ ಉಂಟು. ಮೂಲ ಡಯಾನಾ 35 ಈ ಬೋರಿನಲ್ಲಿ ಕೊಡುತ್ತಿದ್ದದ್ದು ಸೆಕೆಂಡಿಗೆ ಸುಮಾರು 200 ಮೀಟರ್, ಅಂದರೆ ಹತ್ತು ಜೌಲ್ ಆಸುಪಾಸು. ಒಳ್ಳೆಯ ನಕಲು 170ರಿಂದ 200ರ ನಡುವೆ ಕೊಟ್ಟರೆ ಕಾಗದದ ಗುರಿಗೆ ಧಾರಾಳವಾಯಿತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿನ ಗಾಳಿ ಕರಾವಳಿಗಿಂತ ತೆಳು. ಸ್ಪ್ರಿಂಗ್ ರೈಫಲ್ ಸಿಲಿಂಡರಿನೊಳಗಿನ ಗಾಳಿಯನ್ನೇ ಒತ್ತಿ ಕೆಲಸ ಮಾಡುವುದರಿಂದ, ಮುಂಬೈಯಲ್ಲಿ ಅಳೆದ ವೇಗಕ್ಕಿಂತ ಇಲ್ಲಿ ಒಂದಿಷ್ಟು ಕಡಿಮೆ ಬರುವುದು ಸಹಜ, ಅದು ದೋಷವಲ್ಲ. ನೋಡಬೇಕಾದದ್ದು ಏಕರೂಪತೆ. ಹತ್ತು ಹೊಡೆತಗಳ ವೇಗದಲ್ಲಿ ಅತಿ ಹೆಚ್ಚಿಗೂ ಅತಿ ಕಡಿಮೆಗೂ ನಡುವೆ ಸೆಕೆಂಡಿಗೆ ಐದು ಮೀಟರ್ ಒಳಗಿನ ವ್ಯತ್ಯಾಸವಿದ್ದರೆ ಸ್ಪ್ರಿಂಗ್, ವಾಷರ್ ಎರಡೂ ಚೆನ್ನಾಗಿವೆ.

ಮನೆಗೆ ತಂದ ಮೇಲೆ ಮೊದಲ ಕೆಲಸ ಬ್ಯಾರಲ್ ಒರೆಸುವುದು. ಕಾರ್ಖಾನೆಯಲ್ಲಿ ತುಕ್ಕು ಹಿಡಿಯದಂತೆ ಬಳಿದ ದಪ್ಪ ಎಣ್ಣೆ ಒಳಗಿರುತ್ತದೆ. ತೆಳು ಬಟ್ಟೆಯ ಚೂರುಗಳನ್ನು ಪೆಲೆಟ್ ಇಡುವ ಬದಿಯಿಂದ ಎಳೆಯಿರಿ, ಬಟ್ಟೆ ಬಿಳಿಯಾಗಿ ಹೊರಬರುವ ತನಕ. ಆಗಲೂ ಮೊದಲ ಇನ್ನೂರು ಮುನ್ನೂರು ಹೊಡೆತಗಳಲ್ಲಿ ಹೊಗೆ, ಸುಟ್ಟ ವಾಸನೆ, ಆಗಾಗ ಪಟಾಕಿಯಂಥ ಸದ್ದು ಬರುತ್ತದೆ. ಪಿಸ್ಟನ್ ಗಾಳಿಯನ್ನು ಒಮ್ಮೆಗೇ ಒತ್ತಿದಾಗ ಹುಟ್ಟುವ ಬಿಸಿಗೆ ಎಣ್ಣೆ ಹೊತ್ತಿಕೊಳ್ಳುವುದು ಇದಕ್ಕೆ ಕಾರಣ, ಡೀಸೆಲ್ ಎಂಜಿನ್ನಿನಲ್ಲಿ ಆಗುವ ಹಾಗೆಯೇ. ತಾನಾಗಿ ಕಡಿಮೆಯಾಗಬೇಕು. ಒಂದು ಪೂರ್ತಿ ಡಬ್ಬಿ ಪೆಲೆಟ್ ಮುಗಿದರೂ ಜೋರು ಸದ್ದು ನಿಲ್ಲದಿದ್ದರೆ ಸಿಲಿಂಡರಿನಲ್ಲಿ ಗ್ರೀಸ್ ಅತಿಯಾಗಿದೆ, ಬಿಚ್ಚಿಸಿ ಒರೆಸಿಸಿ. ಹಾಗೇ ಹೊಡೆಯುತ್ತ ಹೋದರೆ ಸ್ಪ್ರಿಂಗ್ ಹಾಳಾಗುತ್ತದೆ.

ಎಣ್ಣೆ ವಿಷಯದಲ್ಲೇ ಜನ ಹೆಚ್ಚು ತಪ್ಪು ಮಾಡುವುದು. ಹೊಲಿಗೆ ಯಂತ್ರದ ಎಣ್ಣೆ, ಸ್ಪ್ರೇ ಡಬ್ಬಿ, ತೆಂಗಿನೆಣ್ಣೆ, ಕೈಗೆ ಸಿಕ್ಕಿದ್ದೆಲ್ಲ ಬ್ಯಾರಲ್ ತೂತಿಗೆ ಹನಿಸುತ್ತಾರೆ. ನಕಲುಗಳಲ್ಲಿ ಪಿಸ್ಟನ್ ತುದಿಗೆ ಹೆಚ್ಚಾಗಿ ಇರುವುದು ಚರ್ಮದ ವಾಷರ್. ಚರ್ಮ ಒಣಗಿದರೆ ಗಾಳಿ ಹಿಡಿಯುವುದಿಲ್ಲ, ನಿಜ. ಅದಕ್ಕೆ ಸಿಲಿಕೋನ್ ಚೇಂಬರ್ ಆಯಿಲ್ ಸಾಕು: ಸಾವಿರ ಹೊಡೆತಕ್ಕೊಮ್ಮೆ ಎರಡೇ ಹನಿ, ಸಿಲಿಂಡರ್ ಮುಂದಿನ ಸಣ್ಣ ತೂತಿನೊಳಗೆ. ಹನಿಸಿ, ರೈಫಲನ್ನು ಬುಡದ ಮೇಲೆ ನೇರವಾಗಿ ನಿಲ್ಲಿಸಿ ಒಂದು ರಾತ್ರಿ ಬಿಡಿ. ಸ್ಪ್ರಿಂಗಿಗೆ ಮಾತ್ರ ಮಾಲಿಬ್ಡಿನಮ್ ಗ್ರೀಸ್, ತೆಳುವಾಗಿ, ಬಿಚ್ಚಿದಾಗ.

ಸ್ಕ್ರೂಗಳು ಇನ್ನೊಂದು ಕಾಟ. ಸ್ಪ್ರಿಂಗ್ ರೈಫಲ್ ಹೊಡೆದಾಗ ಮೊದಲು ಹಿಂದಕ್ಕೆ, ಪಿಸ್ಟನ್ ಬಡಿದ ಕ್ಷಣ ಮುಂದಕ್ಕೆ, ಹೀಗೆ ಎರಡು ಸಲ ಜಗ್ಗುತ್ತದೆ. ಈ ಜಗ್ಗಾಟಕ್ಕೆ ಸ್ಟಾಕಿನ ಮುಂಭಾಗದ ಎರಡು ಬದಿ ಸ್ಕ್ರೂ, ಟ್ರಿಗರ್ ಗಾರ್ಡಿನ ಸ್ಕ್ರೂ ಐವತ್ತು ಹೊಡೆತಕ್ಕೇ ಸಡಿಲವಾಗುತ್ತವೆ. ನಿನ್ನೆ ನೆಟ್ಟಗಿದ್ದ ಗುರಿ ಇಂದು ತಪ್ಪಿದರೆ ಸೈಟ್ ತಿರುಗಿಸುವ ಮೊದಲು ಸ್ಕ್ರೂಡ್ರೈವರ್ ಹಿಡಿಯಿರಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹಲ್ಲಿನ ವಾಷರ್ ಮತ್ತು ನೀಲಿ ಬಣ್ಣದ ಥ್ರೆಡ್ ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಚ್ಚುವ ಅಂಟು) ಸಿಗುತ್ತವೆ, ಎರಡನ್ನೂ ಹಾಕಿದರೆ ಈ ತಲೆನೋವು ಬಹುಮಟ್ಟಿಗೆ ಮುಗಿಯಿತು. ಕೆಂಪು ಥ್ರೆಡ್ ಲಾಕರ್ ಬೇಡ, ಮತ್ತೆ ಬಿಚ್ಚುವುದು ಬಹಳ ಕಷ್ಟ. ಇದೇ ಎರಡು ಬಗೆಯ ಜಗ್ಗಾಟದಿಂದಾಗಿ ಮಾಮೂಲಿ ಟೆಲಿಸ್ಕೋಪು ಕೆಲವೇ ವಾರದಲ್ಲಿ ಒಳಗೆ ಸಡಿಲವಾಗುತ್ತದೆ. ಸ್ಪ್ರಿಂಗ್ ಏರ್ ರೈಫಲಿಗೆಂದೇ ಮಾಡಿದ್ದಲ್ಲದಿದ್ದರೆ ಹಾಕಿಸಬೇಡಿ. ಮೊದಲ ವರ್ಷ ಲೋಹದ ಸೈಟಿನಲ್ಲೇ ಕಲಿಯುವುದು ಒಳ್ಳೆಯದು. ಪೆಲೆಟ್ ಯಾವ ಕಡೆ ಹೋಗಬೇಕೋ ಹಿಂಬದಿ ಸೈಟನ್ನು ಆ ಕಡೆಗೇ ಸರಿಸಬೇಕು, ಅಷ್ಟೆ.

ಹಿಡಿತವೂ ಬೇರೆಯೇ. ಭುಜಕ್ಕೆ ಗಟ್ಟಿಯಾಗಿ ಒತ್ತಿದರೆ ಜಗ್ಗಾಟ ಪ್ರತಿ ಸಲ ಬೇರೆ ರೀತಿ ಆಗಿ ಹೊಡೆತ ಚದುರುತ್ತದೆ. ಎಡಗೈ ತೆರೆದ ಅಂಗೈಯಾಗಿರಲಿ, ರೈಫಲ್ ಅದರ ಮೇಲೆ ಸುಮ್ಮನೆ ಕೂತಿರಲಿ. ಹೀಗೆ ಹಿಡಿದು, ಒಪ್ಪುವ ಪೆಲೆಟ್ ಹಾಕಿದರೆ ಹತ್ತು ಮೀಟರಿನಲ್ಲಿ ಐದು ಹೊಡೆತ ಒಂದು ರೂಪಾಯಿ ನಾಣ್ಯದಡಿ ಮುಚ್ಚಬೇಕು. ಅಷ್ಟು ಬಂದರೆ ನಿಮ್ಮ ರೈಫಲ್ ಒಳ್ಳೆಯದು. ಸ್ಪರ್ಧೆಗೆ ಮಾತ್ರ ಇದು ಸಾಲದು: ಹತ್ತು ಮೀಟರ್ ಏರ್ ರೈಫಲ್ ಕಾರ್ಡಿನ ಕಪ್ಪು ವೃತ್ತವೇ 30.5 ಮಿ.ಮೀ., ಅದರ ನಡುವಿನ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿ.ಮೀ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಒಲಿಂಪಿಕ್ಸ್ ಚಿನ್ನ ಗೆದ್ದದ್ದು ಈ ಸ್ಪರ್ಧೆಯಲ್ಲೇ. ಮಗ ಅಥವಾ ಮಗಳನ್ನು ಆ ದಾರಿಗೆ ಕಳಿಸುವ ಆಸೆ ಇದ್ದರೆ ಈ ಹಣ ಇಲ್ಲಿ ಹಾಕದೆ ಕ್ಲಬ್ಬಿನ ರೈಫಲಿನಲ್ಲಿ ಶುರು ಮಾಡಿಸಿ.

ಪೆಲೆಟ್ ಒಂದೇ ಬಗೆಯದನ್ನು ಹತ್ತು ಡಬ್ಬಿ ಕೊಳ್ಳಬೇಡಿ. ಚಪ್ಪಟೆ ತಲೆಯದೊಂದು, ಗುಂಡು ತಲೆಯದೊಂದು, ತೂಕ 7ರಿಂದ 8.5 ಗ್ರೇನ್ ಒಳಗೆ, ಮೂರು ನಾಲ್ಕು ಬಗೆ ತಂದು, ಕಾಗದದ ಮೇಲೆ ಹೊಡೆತಗಳು ಎಷ್ಟು ಒತ್ತಾಗಿ ಬೀಳುತ್ತವೆ ಎಂದು ಹೋಲಿಸಿ. ಒಂದೇ ಡಬ್ಬಿಯ ಪೆಲೆಟ್‌ಗಳನ್ನು ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ತೂಗಿದರೆ ಅಗ್ಗದವುಗಳ ಏರುಪೇರು ಕಣ್ಣಿಗೇ ಕಾಣುತ್ತದೆ. ಲಂಗ ಸೊಟ್ಟಗಾದವನ್ನು ಪಕ್ಕಕ್ಕಿಡಿ. ಉಕ್ಕಿನ ಗೋಲಿ ಮಾತ್ರ ಹಾಕಲೇಬೇಡಿ, ಬ್ಯಾರಲಿನ ಗೆರೆ ಸವೆಯುತ್ತದೆ. ಪೆಲೆಟ್ ಸೀಸದ್ದು, ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯದೆ ಊಟಕ್ಕೆ ಕೂರಬಾರದು.

ಎಲ್ಲಿ ಹೊಡೆಯುವುದು? ಮೂವತ್ತು ನಲವತ್ತರ ಮನೆ ಸೈಟಿನಲ್ಲಿ ಉದ್ದದ ಬದಿ 40 ಅಡಿ, ಅಂದರೆ 12.2 ಮೀಟರ್. ಅಕ್ಕಪಕ್ಕ ಬಿಟ್ಟ ಜಾಗ, ಮೆಟ್ಟಿಲ ಕೋಣೆ, ನೀರಿನ ಟ್ಯಾಂಕ್ ಕಳೆದರೆ ಟೆರೇಸಿನಲ್ಲಿ ಹತ್ತು ಮೀಟರ್ ಸಿಗುವುದೇ ಕಷ್ಟ. ಸಿಕ್ಕರೂ ಮೂರಡಿ ಪ್ಯಾರಪೆಟ್ ಯಾವ ರಕ್ಷಣೆಯೂ ಅಲ್ಲ. ತಪ್ಪಿದ ಪೆಲೆಟ್ ಎರಡು ಮೂರು ಬೀದಿ ದಾಟಿ ಹೋಗಬಲ್ಲದು. ಮನೆಯೊಳಗಿನ ಉದ್ದ ಹಜಾರ ಅಥವಾ ಗೋಡೆಯಿರುವ ನೆಲಮಾಳಿಗೆ ಲೇಸು, ಐದಾರು ಮೀಟರ್ ಸಿಕ್ಕರೂ ಸಾಕು. ಗುರಿಯ ಹಿಂದೆ ಹಲಗೆಯಷ್ಟೇ ಇಡಬೇಡಿ, ಪೆಲೆಟ್ ವಾಪಸ್ ಪುಟಿಯುತ್ತದೆ. ಗಟ್ಟಿ ಮರದ ಪೆಟ್ಟಿಗೆಯಲ್ಲಿ ಹಳೆಯ ಜೀನ್ಸ್ ಬಟ್ಟೆ ಒತ್ತಾಗಿ ತುಂಬಿ, ಬೆನ್ನಿಗೆ ಉಕ್ಕಿನ ತಗಡು ಕೊಟ್ಟರೆ ಒಳ್ಳೆಯ ತಡೆ. ಕಣ್ಣಿಗೆ ಕನ್ನಡಕ ಎಲ್ಲರಿಗೂ, ನೋಡುವವರಿಗೂ. ಪಾರಿವಾಳ, ಕಾಗೆ, ಕೋತಿ, ಬೀದಿ ನಾಯಿಯ ಕಡೆ ಇದನ್ನು ತಿರುಗಿಸಲೇಬಾರದು. ಕಾನೂನು ಒಂದು ಕಡೆ. ಹತ್ತು ಜೌಲಿನ ಪೆಲೆಟ್ ಜೀವವನ್ನು ಒಂದೇಟಿಗೆ ಕೊಲ್ಲದೆ ಒಳಗೇ ಕೊಳೆಯುವ ಗಾಯ ಮಾಡಬಹುದು.

ನಕಲುಗಳ ಕಪ್ಪು ಬಣ್ಣ ತೆಳು, ಬೆವರಿನ ಬೆರಳಚ್ಚೇ ಮಳೆಗಾಲದಲ್ಲಿ ಎರಡು ದಿನದಲ್ಲಿ ತುಕ್ಕಿನ ಬೆರಳಚ್ಚಾಗುತ್ತದೆ. ಪ್ರತಿ ಸಲ ಎಣ್ಣೆ ಬಟ್ಟೆಯಿಂದ ಹೊರಗೆಲ್ಲ ಒರೆಸಿ. ಸ್ಪಂಜಿನ ಚೀಲದಲ್ಲಿ ಇಟ್ಟು ಮರೆಯಬೇಡಿ, ಅದು ತೇವ ಹಿಡಿದಿಡುತ್ತದೆ. ಹತ್ತಿಬಟ್ಟೆ ಸುತ್ತಿ ಬೀಗವಿರುವ ಕಪಾಟಿನಲ್ಲಿ ಇಡಿ. ಆಯುಧ ಪೂಜೆಯ ದಿನ ಹಚ್ಚಿದ ಗಂಧ, ಅರಿಶಿನ, ಕುಂಕುಮವನ್ನು ಅಂದೇ ಸಂಜೆ ಒರೆಸಿ ತೆಗೆಯಿರಿ. ಒದ್ದೆ ಕುಂಕುಮದ ಬೊಟ್ಟು ರಾತ್ರಿಯಿಡೀ ಸಿಲಿಂಡರಿನ ಮೇಲೆ ಉಳಿದರೆ, ಒರೆಸಿದ ಮೇಲೂ ಅಲ್ಲೊಂದು ದುಂಡನೆಯ ಕಂದು ಕಲೆ ನಿಲ್ಲುತ್ತದೆ. ಬೊಟ್ಟನ್ನು ಮರದ ಸ್ಟಾಕಿಗೆ ಇಟ್ಟರೆ ಪೂಜೆಯೂ ಆಯಿತು, ಉಕ್ಕೂ ಉಳಿಯಿತು.

ಸ್ಪ್ರಿಂಗ್ ಎಳೆದ ಸ್ಥಿತಿಯಲ್ಲಿ ರೈಫಲನ್ನು ಗಂಟೆಗಟ್ಟಲೆ ಬಿಡುವುದು ಬೇಡ; ಸ್ಪ್ರಿಂಗ್ ಕುಸಿದು ವೇಗ ಇಳಿಯುತ್ತದೆ. ಹೊಡೆದಾಗ ‘ಟಣ್’ ಎಂಬ ಸದ್ದು ಹೊಸದಾಗಿ ಶುರುವಾದರೆ, ಎಳೆಯುವಾಗ ಕರಕರ ಅಂದರೆ, ಸ್ಪ್ರಿಂಗ್ ಬಾಗಿದೆ ಅಥವಾ ಮುರಿದಿದೆ. ಅದನ್ನು ಮನೆಯಲ್ಲಿ ಬಿಚ್ಚಬೇಡಿ. ಸುಮ್ಮನಿದ್ದಾಗಲೂ ಸ್ಪ್ರಿಂಗ್ ಒತ್ತಡದಲ್ಲೇ ಇರುತ್ತದೆ, ಪಿನ್ ಹೊಡೆದ ಕೂಡಲೇ ಹಿಂಬದಿಯ ದಿಮ್ಮಿ ಮುಖಕ್ಕೆ ಹಾರುತ್ತದೆ. ಕ್ಲ್ಯಾಂಪ್ ಇರುವ ರಿಪೇರಿಯವರಿಗೇ ಕೊಡಿ. ನಕಲು ಕಾರ್ಖಾನೆಗಳ ಸ್ಪ್ರಿಂಗುಗಳ ಅಳತೆ ಒಂದಕ್ಕೊಂದು ಪೂರ್ತಿ ಹೊಂದುವುದಿಲ್ಲ, ಎರಡು ವರ್ಷದ ನಂತರ ಅದೇ ಮಾಡೆಲ್ ಅಂಗಡಿಯಲ್ಲಿ ಇರುತ್ತದೆಂಬ ಖಾತ್ರಿಯೂ ಇಲ್ಲ. ಹಾಗಾಗಿ ಕೊಳ್ಳುವ ದಿನವೇ, ಬಿಲ್ ಬರೆಯುವ ಮೊದಲು, ಅದೇ ರೈಫಲಿನ ಒಂದು ಸ್ಪ್ರಿಂಗ್, ಎರಡು ಪಿಸ್ಟನ್ ವಾಷರ್, ನಾಲ್ಕು ಬ್ಯಾರಲ್ ವಾಷರ್ ಜೊತೆಗೇ ಕೇಳಿ ತೆಗೆದುಕೊಳ್ಳಿ.